ಗೆದ್ದಲು: ಮಣ್ಣು ಬೀಳುತ್ತದೋ, ಕಾಳು ಬೀಳುತ್ತದೋ?

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಮುಂಗಾರು ಶುರುವಾದರೆ ಈ ಅಂಕಣಕ್ಕೆ ಗೆದ್ದಲಿನ ಕಾಗದಗಳೂ ಶುರು. ಈ ಸಲ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಿಂದ ಬಂದವನ್ನು ಒಟ್ಟಿಗೇ ತೆಗೆದುಕೊಂಡಿದ್ದೇವೆ. ಹೆಚ್ಚಿನವರು ಕೇಳಿರುವುದು ಔಷಧದ ಹೆಸರು. ಯಾವ ಗೆದ್ದಲು ಅಂತ ಗೊತ್ತಾಗದೆ ಔಷಧದ ಹೆಸರು ಹೇಳಿ ಪ್ರಯೋಜನವಿಲ್ಲ. ಹಾಗಾಗಿ ಮೊದಲ ಉತ್ತರ ಉದ್ದವಾಗಿದೆ.

ಪ್ರಶ್ನೆ: ನಮ್ಮದು ನಲವತ್ತು ವರ್ಷದ ಮನೆ. ಅಡುಗೆಮನೆ ಬಾಗಿಲಿನ ಚೌಕಟ್ಟಿಗೆ ನೆಲದಿಂದ ಮಣ್ಣಿನ ಗೆರೆ ಏರಿದೆ. ಅದು ಸಾಲದು ಅಂತ, ಮಂಗಳೂರಿನ ನೆಂಟರ ಮನೆಯಿಂದ ತಂದ ಹಳೇ ಮಂಚದ ಕೆಳಗೆ ದಿನಾ ಬೆಳಿಗ್ಗೆ ಗಸಗಸೆಯಂಥ ಕಾಳು ಬಿದ್ದಿರುತ್ತವೆ. ಅಲ್ಲಿ ಮಣ್ಣೇ ಇಲ್ಲ. ಎರಡಕ್ಕೂ ಒಂದೇ ಔಷಧ ಹೊಡೆದರೆ ಸಾಕು ಎನ್ನುತ್ತಾರೆ ಅಂಗಡಿಯವರು. ಸಾಕೇ?
— ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ಸಾಲದು. ಬಾಟಲಿ ಒಂದೇ ಆಗಬಹುದು, ಹಾಕುವ ಜಾಗ ಬೇರೆ. ನಿಮ್ಮ ಮನೆಯಲ್ಲಿರುವುದು ಎರಡು ಬೇರೆ ಕುಲದ ಹುಳು. ಒಂದರ ಗೂಡು ನೆಲದೊಳಗೆ, ಇನ್ನೊಂದರ ಗೂಡು ಮಂಚದ ಕಾಲಿನೊಳಗೆ.

ಚೌಕಟ್ಟಿನದು ನೆಲದ ಗೆದ್ದಲು. ಅದಕ್ಕೆ ಹಸಿ ಬೇಕೇ ಬೇಕು. ಬಿಸಿಲು, ಗಾಳಿ ತಾಗಿದರೆ ಮೈ ಒಣಗಿ ಸಾಯುತ್ತದೆ. ಅದಕ್ಕೇ ಮಣ್ಣಿನ ಕೊಳವೆ ಕಟ್ಟಿಕೊಂಡು ಅದರೊಳಗೇ ಓಡಾಡುತ್ತದೆ. ನಮ್ಮ ಬಯಲುಸೀಮೆಯಲ್ಲಿ ಇಂಥವುಗಳಲ್ಲಿ ಹೆಚ್ಚಿನವು ಒಡಾಂಟೊಟರ್ಮಿಸ್ ಕುಲದವು. ಹುತ್ತ ಕಟ್ಟುವ ಒಡಾಂಟೊಟರ್ಮಿಸ್ ಒಬೆಸಸ್, ಒಡಾಂಟೊಟರ್ಮಿಸ್ ವಲ್ಲೊನೆನ್ಸಿಸ್ ಎರಡೂ ಇದೇ ಗುಂಪು. ಇವು ತಿಂದ ಮರವನ್ನು ತಾವೇ ಪೂರ್ತಿ ಅರಗಿಸಿಕೊಳ್ಳಲಾರವು. ಗೂಡಿನಲ್ಲಿ ಸ್ಪಂಜಿನಂಥ ಕಂದು ದಿಂಡು ಕಟ್ಟಿ ಅದರ ಮೇಲೆ ಟರ್ಮಿಟೊಮೈಸಿಸ್ ಎಂಬ ಶಿಲೀಂಧ್ರ ಬೆಳೆಸುತ್ತವೆ. ಮರವನ್ನು ಹದ ಮಾಡಿಕೊಡುವುದು ಆ ಶಿಲೀಂಧ್ರ. ಮಳೆ ಬಿದ್ದ ಮೇಲೆ ಹುತ್ತದ ಮೇಲೆ ಏಳುವ ಅಣಬೆ ಅದರದ್ದೇ. ಇವುಗಳ ಗುರುತು: ಕೊಳವೆಗಿಂತ ಹೆಚ್ಚಾಗಿ ಅಗಲವಾದ ಮಣ್ಣಿನ ಹೊದಿಕೆ ಹಾಸುತ್ತವೆ, ಮರವನ್ನು ಮೇಲಿನಿಂದ ತಿನ್ನುತ್ತಾ ಹೋಗಿ, ತಿಂದ ಜಾಗಕ್ಕೆ ಮಣ್ಣು ತುಂಬುತ್ತವೆ.

ಅದೇ ನೆಲದ ಗೆದ್ದಲಿನಲ್ಲಿ ಕಾಪ್ಟೊಟರ್ಮಿಸ್ ಹೈಮಿ ಎಂಬ ಇನ್ನೊಂದಿದೆ. ಅದು ಶಿಲೀಂಧ್ರ ಸಾಕುವುದಿಲ್ಲ; ಅದರ ಹೊಟ್ಟೆಯಲ್ಲಿರುವ ಏಕಕೋಶ ಜೀವಿಗಳು ಮರವನ್ನು ಅರಗಿಸುತ್ತವೆ. ಅದು ಮರದ ಒಳಗೇ ಸೇರಿ, ಅಗಿದ ಮರ, ಮಲ, ಮಣ್ಣು ಕಲಸಿದ ರಟ್ಟಿನಂಥ ಗೂಡು ಕಟ್ಟುತ್ತದೆ. ಹೊರಗಿನ ಪಾಲಿಶ್ ಹಾಗೇ ಇರುತ್ತದೆ, ಒತ್ತಿದರೆ ಬೆರಳು ಒಳಗೆ ಹೋಗುತ್ತದೆ. ಮೂರನೆಯದು ಹೆಟೆರೊಟರ್ಮಿಸ್ ಇಂಡಿಕೋಲ. ಇದು ಉತ್ತರ ಭಾರತದ ಕಟ್ಟಡಗಳಲ್ಲೇ ಹೆಚ್ಚು. ಮರದ ಮೆತ್ತಗಿನ ಪದರ ತಿಂದು ಗಟ್ಟಿ ಪದರ ಬಿಡುವುದರಿಂದ ಮರ ಪುಸ್ತಕದ ಹಾಳೆಯಂತೆ ಬಿಚ್ಚಿಕೊಳ್ಳುತ್ತದೆ. ಛಾವಣಿಯಿಂದ ಪೆನ್ಸಿಲಿನಂಥ ಮಣ್ಣಿನ ಕೊಳವೆ ನೇರ ಕೆಳಕ್ಕೆ ಇಳಿಬಿಡುವುದೂ ಇದರ ಅಭ್ಯಾಸ.

ಯಾವುದು ಎಂದು ತಿಳಿಯಲು ಸೈನಿಕ ಹುಳು ನೋಡಬೇಕು. ಕೆಲಸಗಾರ ಹುಳು ಎಲ್ಲ ಜಾತಿಯಲ್ಲೂ ಬೆಳ್ಳಗೆ, ಮೆತ್ತಗೆ, ಒಂದೇ ಥರ. ಕೊಳವೆಯನ್ನು ಒಂದು ಗೇಣಿನಷ್ಟು ಒಡೆದು ಕಾಯಿರಿ. ಮೊದಲು ಮುಂದೆ ಬರುವ, ತಲೆ ಕಂದಾಗಿರುವ ಹುಳುಗಳೇ ಸೈನಿಕರು. ನಾಲ್ಕೈದನ್ನು ಒದ್ದೆ ಕುಂಚದ ತುದಿಯಲ್ಲಿ ಎತ್ತಿ ಬಿಳಿ ತಟ್ಟೆಗೆ ಹಾಕಿ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ನೋಡಿ. ತಲೆ ಮೊಟ್ಟೆಯಾಕಾರ, ಎಡದವಡೆಯಲ್ಲಿ ಎದ್ದು ಕಾಣುವ ಒಂದು ಹಲ್ಲು ಇದ್ದರೆ ಒಡಾಂಟೊಟರ್ಮಿಸ್. ತಲೆ ಪೇರಲೆ ಕಾಯಿಯಂತೆ ಮುಂದಕ್ಕೆ ಕಿರಿದಾಗಿ, ಕೆಣಕಿದರೆ ಹಣೆಯಿಂದ ಹಾಲಿನಂಥ ಬಿಳಿ ಹನಿ ಉಕ್ಕಿದರೆ ಕಾಪ್ಟೊಟರ್ಮಿಸ್. ತಲೆ ಬೆಂಕಿಪೊಟ್ಟಣದಂತೆ ಉದ್ದವಾಗಿ, ಅಂಚು ನೆಟ್ಟಗಿದ್ದರೆ ಹೆಟೆರೊಟರ್ಮಿಸ್. ಬೇರೆಯವರಿಗೆ ತೋರಿಸಬೇಕಿದ್ದರೆ ಕೈ ತೊಳೆಯುವ ಸ್ಯಾನಿಟೈಸರ್ ದ್ರಾವಣದಲ್ಲಿ ಹಾಕಿಡಿ. ಒಣಗಿಸಿ ಕಾಗದದಲ್ಲಿ ಮಡಚಿಟ್ಟರೆ ಪುಡಿಯಾಗುತ್ತವೆ.

ಇನ್ನು ಮಂಚ. ಅದರಲ್ಲಿರುವುದು ಒಣಮರದ ಗೆದ್ದಲು, ಕ್ರಿಪ್ಟೊಟರ್ಮಿಸ್ ಕುಲದ್ದು. ಕರಾವಳಿಯ ತೇವದ ಹವೆ ಇದಕ್ಕೆ ಹಿತ. ಪೀಠೋಪಕರಣದ ಜೊತೆ ಊರೂರು ತಿರುಗುತ್ತದೆ. ಮಣ್ಣಿನ ನಂಟೇ ಬೇಡ. ಒಣಮರದಲ್ಲಿರುವ ಅಲ್ಪಸ್ವಲ್ಪ ನೀರೇ ಸಾಕು. ಬಿದ್ದಿರುವ ಕಾಳು ಅದರ ಹಿಕ್ಕೆ. ಒಂದು ಮಿಲಿಮೀಟರಿಗಿಂತ ಚಿಕ್ಕದು. ಭೂತಗನ್ನಡಿಯಲ್ಲಿ ನೋಡಿದರೆ ಪ್ರತಿ ಕಾಳಿಗೂ ಒಳಕ್ಕೆ ತಗ್ಗಿದ ಆರು ಮುಖ ಕಾಣುತ್ತವೆ. ಈ ಆರು ಮುಖ ಕಂಡರೆ ಬೇರೆ ಯಾವ ಪರೀಕ್ಷೆಯೂ ಬೇಡ. ಸೈನಿಕನ ತಲೆ ಬಾಟಲಿಯ ಬಿರಡೆಯಂತೆ ಮೊಂಡು, ಕಪ್ಪು, ಸುಕ್ಕುಸುಕ್ಕು. ಶತ್ರು ಬಂದರೆ ಆ ತಲೆಯಿಂದಲೇ ತೂತು ಮುಚ್ಚುತ್ತದೆ. ನೆಲದ ಗೆದ್ದಲಿನ ಗೂಡಿನಲ್ಲಿ ಲಕ್ಷಗಟ್ಟಲೆ ಹುಳು. ಇದರಲ್ಲಿ ಕೆಲವು ನೂರು, ಹೆಚ್ಚೆಂದರೆ ಕೆಲವು ಸಾವಿರ. ತಿನ್ನುವುದೂ ನಿಧಾನ. ಆದರೆ ರಾಣಿ ಸತ್ತರೆ ಉಳಿದವುಗಳಲ್ಲೇ ಒಂದು ರಾಣಿಯಾಗುತ್ತದೆ. ಅರ್ಧಂಬರ್ಧ ಔಷಧ ಹಾಕಿದ ಮಂಚ ವರ್ಷ ಬಿಟ್ಟು ಮತ್ತೆ ಕಾಳು ಉದುರಿಸುವುದು ಇದಕ್ಕೇ.

ಮದ್ದಿನ ವಿಷಯ. ಚೌಕಟ್ಟಿನ ಗೆದ್ದಲಿಗೆ ಮಣ್ಣಿಗೆ ಔಷಧ ಕೊಡಬೇಕು. ಗೋಡೆ–ನೆಲ ಕೂಡುವ ಅಂಚಿನಲ್ಲಿ 30 ಸೆಂ.ಮೀ.ಗೊಂದರಂತೆ 12 ಮಿ.ಮೀ. ತೂತು ಕೊರೆದು, ಬೈರಿಗೆಯನ್ನು ಮಣ್ಣು ಸಿಗುವವರೆಗೂ ಇಳಿಸಿ. ತೂತಿಗೆ ಒಂದು ಲೀಟರಿನವರೆಗೆ ದ್ರಾವಣ ನಿಧಾನವಾಗಿ ಹೀರಿಸಿ, ಸಿಮೆಂಟಿನಿಂದ ಮುಚ್ಚಿ. ಔಷಧ ಇಮಿಡಾಕ್ಲೋಪ್ರಿಡ್ 30.5 ಎಸ್‌ಸಿ (ಶೇಕಡಾ 30.5ರ ದ್ರವ) ಆದರೆ ಲೀಟರು ನೀರಿಗೆ 2.1 ಮಿ.ಲೀ.; ಕ್ಲೋರ್‌ಪೈರಿಫಾಸ್ 20 ಇಸಿ (ಶೇಕಡಾ 20ರ ದ್ರವ) ಆದರೆ ಒಂದು ಲೀಟರು ಔಷಧಕ್ಕೆ 19 ಲೀಟರು ನೀರು. ಕ್ಲೋರ್‌ಪೈರಿಫಾಸ್ ತಾಗಿದ ಹುಳುವನ್ನು ಬೇಗ ಕೊಲ್ಲುತ್ತದೆ, ವಾಸನೆ ಜೋರು. ಇಮಿಡಾಕ್ಲೋಪ್ರಿಡ್‌ಗೆ ವಾಸನೆಯಿಲ್ಲ, ನಿಧಾನ. ಮೈಗೆ ಅಂಟಿಸಿಕೊಂಡ ಹುಳು ಗೂಡಿಗೆ ಒಯ್ದು ಉಳಿದವಕ್ಕೂ ಹಂಚುತ್ತದೆ. ಜನ ವಾಸವಿರುವ ಮನೆಯೊಳಗೆ ನಮ್ಮ ಆಯ್ಕೆ ಇಮಿಡಾಕ್ಲೋಪ್ರಿಡ್. ಚೌಕಟ್ಟು ಗೋಡೆಗೆ ತಾಗುವಲ್ಲಿ 15 ಸೆಂ.ಮೀ.ಗೊಂದು 6 ಮಿ.ಮೀ. ತೂತನ್ನು 45 ಡಿಗ್ರಿ ಕೆಳಮುಖವಾಗಿ ಕೊರೆದು ಸಿರಿಂಜಿನಲ್ಲಿ ಅದೇ ದ್ರಾವಣ ತುಂಬಿ. ಔಷಧ ಹಾಕುವವರೆಗೂ ಮಣ್ಣಿನ ಕೊಳವೆಯನ್ನು ಪೂರ್ತಿ ಕೆರೆದು ತೆಗೆಯಬೇಡಿ. ಎಲ್ಲಿಂದ ಬರುತ್ತದೆ ಎಂದು ತೋರಿಸುವ ದಾರಿ ಅದೊಂದೇ. ಆಮೇಲೆ ಒಂದು ಗೇಣು ಒಡೆದು ಗುರುತು ಹಾಕಿಡಿ. ಎರಡು ಮೂರು ವಾರದ ನಂತರವೂ ಅಲ್ಲಿ ಹಸಿ ಮಣ್ಣಿನಿಂದ ತೇಪೆ ಬೀಳುತ್ತಿದ್ದರೆ ದ್ರಾವಣ ಎಲ್ಲೋ ಒಂದು ಕಡೆ ತಲುಪಿಲ್ಲ. ಹೆಚ್ಚಾಗಿ ಹೊಸಿಲಿನ ಕೆಳಗೆ.

ಅಡುಗೆಮನೆ ಎಂದಿರಿ. ಕೊರೆಯುವ ಮುಂಚೆ ನೀರಿನ ಪೈಪು ಎಲ್ಲಿ ಹಾದಿದೆ ಎಂದು ನೋಡಿಕೊಳ್ಳಿ. ಸಿಂಕಿನ ಪೈಪು ಸೋರುತ್ತಿದ್ದರೆ ಮೊದಲು ಅದನ್ನು ಸರಿಮಾಡಿಸಿ. ಗೆದ್ದಲನ್ನು ಆ ಬಾಗಿಲಿಗೇ ಕರೆದದ್ದು ಬಹುಶಃ ಆ ತೇವವೇ.

ಮಣ್ಣಿಗೆ ಔಷಧ ಎಷ್ಟು ಹಾಕಿದರೂ ಮಂಚದ ಹುಳುವಿಗೆ ತಾಗುವುದೇ ಇಲ್ಲ. ಕಾಲನ್ನು ಸುತ್ತಿಗೆ ಹಿಡಿಯಿಂದ ತಟ್ಟುತ್ತಾ ಹೋಗಿ ಟೊಳ್ಳು ಸದ್ದು ಬರುವಲ್ಲಿ ಸೀಮೆಸುಣ್ಣದ ಗುರುತು ಹಾಕಿ. ಆ ಉದ್ದಕ್ಕೂ 5–7 ಸೆಂ.ಮೀ. ಅಂತರದಲ್ಲಿ 3 ಮಿ.ಮೀ. ತೂತು ಕೊರೆಯಿರಿ. ಬೈರಿಗೆ ಒಮ್ಮೆಗೇ ಸಡಿಲಾಗಿ ಒಳಕ್ಕೆ ಬಿದ್ದಂತಾದರೆ ಸುರಂಗ ಸಿಕ್ಕಿತು ಎಂದರ್ಥ. ಸಿರಿಂಜಿನಲ್ಲಿ ಅದೇ ದ್ರಾವಣ ಕೊಡಿ. ಪಕ್ಕದ ತೂತಿನಿಂದ ಹೊರಬಂದರೆ ಅದನ್ನು ಬೆಂಕಿಕಡ್ಡಿಯಿಂದ ಬಿಗಿದು ಮುಂದುವರಿಸಿ. 15 ದಿನ ಬಿಟ್ಟು ಇನ್ನೊಮ್ಮೆ. ಬಿದ್ದ ಕಾಳನ್ನು ಗುಡಿಸಿ, ಕಾಲಿನ ಕೆಳಗೆ ಕರಿ ಕಾಗದ ಹಾಸಿ, ಮಂಚ ಅಲ್ಲಾಡಿಸದೆ ಮೂರು ದಿನ ನೋಡಿ. ಅಲ್ಲಾಡಿಸಿದರೆ ಹಳೇ ಕಾಳೂ ಉದುರುತ್ತದೆ, ಅದನ್ನು ಕಂಡು ಹುಳು ಬದುಕಿದೆ ಎಂದುಕೊಳ್ಳುತ್ತೀರಿ. ಒಂದೇ ಕಾಲು ಕೆಟ್ಟಿದ್ದರೆ ಅದನ್ನು ಕೊಯ್ದು ಸುಟ್ಟು ಬಡಗಿಯಿಂದ ಹೊಸ ಕಾಲು ಕೂಡಿಸುವುದೇ ಅಗ್ಗ. ದವಸಕ್ಕೆ ಹಾಕುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯನ್ನು ಮಂಚದಡಿ ಇಡಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಅದರಿಂದ ಏಳುವ ಫಾಸ್ಫೀನ್ ಅನಿಲಕ್ಕೆ ಮಲಗಿದ್ದವರು ಮಲಗಿದ್ದಲ್ಲೇ ಸಾಯುತ್ತಾರೆ.

ಪ್ರಶ್ನೆ: ನಮ್ಮದು ಮಣ್ಣಿನ ಮಾಳಿಗೆ ಮನೆ. ಜಂತೆಗಳ ತುದಿ ಗೋಡೆಯಲ್ಲಿ ಸೇರುವ ಕಡೆ ಗೆದ್ದಲು. ಬೇವಿನ ಜಂತೆಗೆ ಗೆದ್ದಲು ಹತ್ತದು ಅಂತ ಹಿರಿಯರು ಹೇಳುತ್ತಿದ್ದರು.
— ಚಳ್ಳಕೆರೆ ತಾಲ್ಲೂಕು

ಉತ್ತರ: ಹಿರಿಯರ ಮಾತು ಮುಕ್ಕಾಲು ಸರಿ. ಬಲಿತ ಬೇವಿನ ಒಳಗಿನ ಕೆಂಪು ಚೇಗನ್ನು ಗೆದ್ದಲು ಸುಲಭಕ್ಕೆ ಮುಟ್ಟುವುದಿಲ್ಲ, ಸಾಗುವಾನಿಯೂ ಅಷ್ಟೆ. ಆದರೆ ಹೊರಗಿನ ಬಿಳಿ ಭಾಗಕ್ಕೆ ಆ ಗುಣವಿಲ್ಲ. ಎಳೆ ಮರ ಕಡಿದು ಹಾಕಿದ ಜಂತೆಯಲ್ಲಿ ಬಿಳಿ ಭಾಗವೇ ಹೆಚ್ಚು. ಸಾಗುವಾನಿ ಎಂದು ದುಬಾರಿ ಬೆಲೆಗೆ ಕೊಂಡ ಚೌಕಟ್ಟಿನ ಒಂದು ಅಂಚು ಮಾತ್ರ ಗೆದ್ದಲು ತಿಂದಿರುವುದನ್ನು ನೋಡಿರುತ್ತೀರಿ; ಆ ಅಂಚು ಬಿಳಿ ಭಾಗ.

ನಿಮ್ಮಲ್ಲಿ ಗೆದ್ದಲು ಗೋಡೆಯ ಒಳಗಿನಿಂದಲೇ ಏರುತ್ತದೆ. ಮಣ್ಣಿನ ಗೋಡೆಯಲ್ಲಿ ಹೊರಗೆ ಕೊಳವೆ ಕಟ್ಟುವ ಅಗತ್ಯವೂ ಅದಕ್ಕಿಲ್ಲ. ಹಾಗಾಗಿ ಕಣ್ಣಿಗೆ ಬೀಳುವ ಹೊತ್ತಿಗೆ ತುದಿ ಟೊಳ್ಳಾಗಿರುತ್ತದೆ. ಕುಡುಗೋಲಿನ ಬೆನ್ನಿನಿಂದ ತಟ್ಟಿ ನೋಡಿ. ಗೋಡೆಯಿಂದ ಎರಡು ಗೇಣಿನವರೆಗೂ ಟೊಳ್ಳು ಸದ್ದು ಬಂದರೆ ಮೊದಲು ಆ ಜಂತೆಗೆ ಊರುಗೋಲು ಕೊಡಿ, ಔಷಧ ಆಮೇಲೆ. ಮಾಳಿಗೆ ಮೇಲಿನ ಮಣ್ಣು ನೆನೆದರೆ ಭಾರವಾಗಿ ಜಗ್ಗುತ್ತದೆ.

ಮಾಳಿಗೆ ಸೋರುತ್ತಿದ್ದರೆ ಚೌಳು ಮಣ್ಣು ಹಾಕಿ ದಮ್ಮಸು ಮಾಡಿಸಿ. ಇದು ಬರೀ ಸೋರಿಕೆಯ ಮಾತಲ್ಲ. ಕಾಪ್ಟೊಟರ್ಮಿಸ್‌ನಂಥ ಗೆದ್ದಲಿಗೆ ಮೇಲೆಯೇ ನಿರಂತರ ಹಸಿ ಸಿಕ್ಕರೆ ನೆಲಕ್ಕೆ ಇಳಿಯದೆ ಅಲ್ಲೇ ಗೂಡು ಮಾಡಬಲ್ಲದು. ಹಾಗಾದಾಗ ಕೆಳಗೆ ಮಣ್ಣಿಗೆ ಎಷ್ಟು ಔಷಧ ಹಾಕಿದರೂ ಮೇಲೆ ತಿನ್ನುತ್ತಲೇ ಇರುತ್ತದೆ.

ಹೊಸ ಜಂತೆ ಹಾಕುವಾಗ ಬಿಳಿ ಭಾಗ ಕೆತ್ತಿ, ಬೋರಿಕ್ ಆಮ್ಲ 200 ಗ್ರಾಂ, ಬಿಳಿಗಾರ 300 ಗ್ರಾಂ ಹತ್ತು ಲೀಟರು ಬಿಸಿನೀರಿನಲ್ಲಿ ಕರಗಿಸಿ ಮೂರು ಸಲ ಬಳಿಯಿರಿ, ಪ್ರತಿ ಸಲ ಆರಲು ಬಿಟ್ಟು. ಗೋಡೆಯಲ್ಲಿ ಕೂರುವ ತುದಿಯನ್ನು ಒಂದು ರಾತ್ರಿ ಅದರಲ್ಲೇ ನಿಲ್ಲಿಸಿದರೆ ಇನ್ನೂ ಒಳ್ಳೆಯದು; ಮರ ನೀರು ಹೀರುವುದು ತುದಿಯಿಂದಲೇ ಹೆಚ್ಚು. ಬಣ್ಣ, ಪಾಲಿಶ್ ಇದ್ದ ಮರಕ್ಕೆ ಇದು ಇಳಿಯದು. ಮಳೆಗೆ ತೋಯುವ ಮರದಿಂದ ತೊಳೆದುಹೋಗುತ್ತದೆ.

ಪ್ರಶ್ನೆ: ತೆಂಗಿನ ಮರಗಳಿಗೆ ಆಳೆತ್ತರ ಮಣ್ಣು ಮೆತ್ತಿದೆ. ತೋಟದ ಬದುವಿನಲ್ಲಿ ಹುತ್ತವೂ ಇದೆ. ಹುತ್ತ ಕೀಳಿಸಬೇಕೇ? ಮನೆಯವರು ನಾಗರ ಹುತ್ತ, ಮುಟ್ಟಬೇಡಿ ಎನ್ನುತ್ತಾರೆ.
— ಹೊಳಲ್ಕೆರೆ

ಉತ್ತರ: ಮುಟ್ಟದಿದ್ದರೂ ನಡೆಯುತ್ತದೆ. ಮಣ್ಣಿನ ಹೊದಿಕೆ ಕೆರೆದು ನೋಡಿ, ತಿಂದಿರುವುದು ಸತ್ತ ಹೊರತೊಗಟೆಯನ್ನು ಮಾತ್ರ. ಚೆನ್ನಾಗಿರುವ ದೊಡ್ಡ ತೆಂಗು ಇದರಿಂದ ಸಾಯುವುದಿಲ್ಲ. ನೋಡಲು ಭಯವಾಗುತ್ತದೆ ಅಷ್ಟೆ. ಮಣ್ಣು ಉಜ್ಜಿ ತೆಗೆದು, ಲೀಟರು ನೀರಿಗೆ 50 ಮಿ.ಲೀ. ಬೇವಿನ ಎಣ್ಣೆಯನ್ನು ಸ್ವಲ್ಪ ಸೋಪಿನ ನೀರಿನಲ್ಲಿ ಕದಡಿ, ಬುಡದಿಂದ ಎರಡು ಮೀಟರ್ ಎತ್ತರದವರೆಗೆ ಬಳಿಯಿರಿ.

ಭಯ ಪಡಬೇಕಾದದ್ದು ಸಸಿಗಳಿಗೆ. ಸಸಿಯ ನಡುಸುಳಿ ಬಾಡಿ, ಎಳೆದರೆ ಕೈಗೆ ಬಂದರೆ ಬುಡ ತಿಂದಿದೆ ಎಂದು ತಿಳಿಯಿರಿ. ನರ್ಸರಿಯಲ್ಲಿ ಕ್ಲೋರ್‌ಪೈರಿಫಾಸ್ 20 ಇಸಿ ಲೀಟರಿಗೆ 2.5 ಮಿ.ಲೀ. ಬೆರೆಸಿ ಬುಡಕ್ಕೆ ಸುರಿಯಿರಿ, 20–25 ದಿನಕ್ಕೆ ಇನ್ನೊಮ್ಮೆ. ಕಟ್ಟಡಕ್ಕೆ ಹೇಳಿದ ಪ್ರಮಾಣವನ್ನು ಗಿಡಕ್ಕೆ ಹಾಕಬೇಡಿ, ಅದು ಇದರ ಇಪ್ಪತ್ತು ಪಟ್ಟು. ಅರೆಕೊಳೆತ ಗೊಬ್ಬರ ಗುಂಡಿಗೆ ಹಾಕಿದರೆ ನೀವೇ ಗೆದ್ದಲಿಗೆ ಊಟ ಬಡಿಸಿದಂತೆ.

ಹುತ್ತದ ಬಗ್ಗೆ: ತೂತಿಲ್ಲದೆ, ಸುತ್ತ ಆನಿಕೆ ಗೋಡೆಗಳಂಥ ಏಣು ಇರುವ ಎತ್ತರದ ಹುತ್ತ ಒಡಾಂಟೊಟರ್ಮಿಸ್ ಒಬೆಸಸ್‌ನದು. ಮೇಲೆ ಹೊಗೆಗೂಡಿನಂಥ ತೆರೆದ ಬಾಯಿ ಇದ್ದರೆ ವಲ್ಲೊನೆನ್ಸಿಸ್‌ನದು. ಹಾವು ಹುತ್ತ ಕಟ್ಟುವುದಿಲ್ಲ, ಬಾಯಿ ಇರುವ ಹುತ್ತ ಅಥವಾ ಗೆದ್ದಲು ಬಿಟ್ಟ ಹುತ್ತ ಸೇರಿಕೊಳ್ಳುತ್ತದೆ. ಹಾರೆ ಹಾಕುವ ಮುಂಚೆ ಅದೂ ಜ್ಞಾಪಕವಿರಲಿ. ಮನೆಗೆ ತೀರ ಹತ್ತಿರವಿದ್ದು ತೆಗೆಯಲೇಬೇಕಾದರೆ, ಹಾರೆಯಿಂದ ಬೇರೆ ಬೇರೆ ಕೋನದಲ್ಲಿ ಆಳದ ತೂತು ಮಾಡಿ, ಒಂದು ಘನ ಮೀಟರ್ ಹುತ್ತಕ್ಕೆ ನಾಲ್ಕು ಲೀಟರು ದ್ರಾವಣ ಇಳಿಸಬೇಕು. ಬರೀ ಮೇಲ್ಭಾಗ ಕೆಡವಿದರೆ ಏನೂ ಆಗದು. ರಾಣಿ ಇರುವುದು ನೆಲಮಟ್ಟದ ಹತ್ತಿರ ಗಟ್ಟಿ ಮಣ್ಣಿನ ಕೋಣೆಯಲ್ಲಿ. ಕೆಡವಿದ್ದನ್ನು ಮತ್ತೆ ಕಟ್ಟಿಬಿಡುತ್ತವೆ.

ಪ್ರಶ್ನೆ: ಶೇಂಗಾ ಹೊಲದಲ್ಲಿ ಗಿಡ ಅಲ್ಲಲ್ಲಿ ಬಾಡುತ್ತಿದೆ, ಕಿತ್ತರೆ ತಾಯಿಬೇರು ಟೊಳ್ಳು. ಸುತ್ತ ಮೈಲಿ ದೂರ ಒಂದು ಹುತ್ತವೂ ಇಲ್ಲ. ಎಲ್ಲಿಂದ ಬಂತು?
— ಜಗಳೂರು ತಾಲ್ಲೂಕು

ಉತ್ತರ: ನಿಮ್ಮ ಕಾಲ ಕೆಳಗಿನಿಂದ. ಮೈಕ್ರೊಟರ್ಮಿಸ್ ಒಬೆಸಿ ಎಂಬ ಸಣ್ಣ ಗೆದ್ದಲು ಹುತ್ತ ಕಟ್ಟುವುದೇ ಇಲ್ಲ. ನೆಲದೊಳಗೆ ಚಿಕ್ಕ ಚಿಕ್ಕ ಗೂಡುಗಳನ್ನು ಹರಡಿ ಇಟ್ಟು, ಪ್ರತಿಯೊಂದರಲ್ಲೂ ನಿಂಬೆಹಣ್ಣಿಗಿಂತ ಚಿಕ್ಕ ಶಿಲೀಂಧ್ರದ ದಿಂಡು ಸಾಕುತ್ತದೆ. ಅಗೆದು ರಾಣಿ ಹುಡುಕುವ ಕೆಲಸ ಇಲ್ಲಿ ಸಾಗದು. ಮೆಕ್ಕೆಜೋಳದ ದಂಟು ಬುಡದಲ್ಲಿ ಮುರಿದು ಬೀಳಿಸುವುದರಲ್ಲೂ ಇದರ ಕೈ ಇದೆ. ಮಳೆ ಕೈಕೊಟ್ಟ ದಿನಗಳಲ್ಲಿ ಹಾವಳಿ ಜಾಸ್ತಿ.

ಈ ಬೆಳೆಗೆ ಮಾಡಬಹುದಾದದ್ದು ಸಕಾಲಕ್ಕೆ ಕೀಳುವುದು, ಕಿತ್ತ ಬಳ್ಳಿಯನ್ನು ಹೊಲದಲ್ಲೇ ರಾಶಿ ಹಾಕಿ ವಾರಗಟ್ಟಲೆ ಬಿಡದಿರುವುದು. ಗೆದ್ದಲು ಸಿಪ್ಪೆ ಕೆರೆದ ಕಾಯಿಗೆ ಅಫ್ಲಾಟಾಕ್ಸಿನ್ ವಿಷ ಉಂಟುಮಾಡುವ ಬೂಷ್ಟು ಬೇಗ ಹತ್ತುತ್ತದೆ. ಅಂಥ ಕಾಯಿಯನ್ನು ಬೇರೆ ಆರಿಸಿ ಇಡಿ, ಬೀಜಕ್ಕಾಗಲೀ ಮನೆಯ ಎಣ್ಣೆಗಾಗಲೀ ಬೇಡ. ಮುಂದಿನ ಸಲ ಬಿತ್ತುವ ಮುಂಚೆ ಎಕರೆಗೆ 200 ಕೆ.ಜಿ. ಬೇವಿನ ಹಿಂಡಿ, ಪೂರ್ತಿ ಕಳಿತ ಗೊಬ್ಬರ. ಕಾವಲಿನ ಹುಲ್ಲಿನಲ್ಲಿ ಮೂತಿ ಚೂಪಾದ ಸೈನಿಕರಿರುವ ಗೆದ್ದಲು ಕಂಡರೆ ಅದು ಟ್ರೈನರ್ವಿಟರ್ಮಿಸ್. ಹುಲ್ಲು ಕೊಯ್ದೊಯ್ಯುತ್ತದೆ, ಮನೆಯ ಮರಕ್ಕೆ ಅದರ ಗೊಡವೆ ಇಲ್ಲ.

ಪ್ರಶ್ನೆ: 30x40 ಸೈಟಿನಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಗೆದ್ದಲು ಔಷಧದವರು ಅರ್ಧ ಲೀಟರಿನ ಒಂದು ಬಾಟಲಿ ತಂದು ಒಂದು ಗಂಟೆಯಲ್ಲಿ ಮುಗಿಸಿ ಹತ್ತು ವರ್ಷದ ಗ್ಯಾರಂಟಿ ಎಂದರು.
— ಹರಿಹರ

ಉತ್ತರ: ಲೆಕ್ಕ ಹಾಕೋಣ. ಕಟ್ಟಡಕ್ಕೆ ಗೆದ್ದಲು ಹತ್ತದಂತೆ ಮಾಡುವ ಕೆಲಸಕ್ಕಿರುವ ಭಾರತೀಯ ಮಾನದಂಡ ಐಎಸ್ 6313ರ ಪ್ರಕಾರ ಮಣ್ಣು ತುಂಬಿ ದಮ್ಮಸು ಮಾಡಿದ ನೆಲಕ್ಕೆ ಚದರ ಮೀಟರಿಗೆ 5 ಲೀಟರು, ಅಡಿಪಾಯದ ಗೋಡೆಗೆ ತಾಗಿದ ಮಣ್ಣಿಗೆ ಚದರ ಮೀಟರಿಗೆ 7.5 ಲೀಟರು ದ್ರಾವಣ ಬೇಕು. 1200 ಚದರ ಅಡಿ ಎಂದರೆ ಸುಮಾರು 111 ಚದರ ಮೀಟರ್. ಪೂರ್ತಿ ಕಟ್ಟಿದರೆ ನೆಲಕ್ಕೇ 555 ಲೀಟರು. ಅದಕ್ಕೆ ಇಮಿಡಾಕ್ಲೋಪ್ರಿಡ್ 30.5 ಎಸ್‌ಸಿ ಸುಮಾರು 1.2 ಲೀಟರು ಬೇಕು. ಕ್ಲೋರ್‌ಪೈರಿಫಾಸ್ 20 ಇಸಿ ಆದರೆ ಸುಮಾರು 28 ಲೀಟರು. ಗೋಡೆಯ ಲೆಕ್ಕ ಬೇರೆ. ಅರ್ಧ ಲೀಟರಿನ ಬಾಟಲಿಯ ಗ್ಯಾರಂಟಿ ಎಷ್ಟು ಎಂದು ನೀವೇ ತೀರ್ಮಾನಿಸಿ. ಸೀಲು ಒಡೆಯುವುದು, ಅಳೆಯುವುದು, ಡ್ರಮ್ಮಿಗೆ ಬೆರೆಸುವುದು ನಿಮ್ಮ ಕಣ್ಣೆದುರೇ ಆಗಲಿ.

ಹೊತ್ತು ಕೂಡ ಮುಖ್ಯ. ದಮ್ಮಸು ಮುಗಿದು ಕಾಂಕ್ರೀಟ್ ಬೀಳುವ ಮುಂಚೆ ಹಾಕಬೇಕು. ಮಳೆಗೆ ನೆನೆದ ಮಣ್ಣು ದ್ರಾವಣ ಹೀರದು, ಹರಿದುಹೋಗುತ್ತದೆ. ಔಷಧ ಹಾಕಿದ ಮೇಲೆ ಪ್ಲಂಬರ್ ಬಂದು ಪೈಪಿಗೆ ಕಾಲುವೆ ತೋಡಿದರೆ ಆ ಜಾಗಕ್ಕೆ ಮತ್ತೆ ಹಾಕಿಸಬೇಕು. ಗೆದ್ದಲಿಗೆ ಆ ಒಂದು ಕಾಲುವೆ ಸಾಕು. ಬಾವಿ, ಬೋರ್‌ವೆಲ್ ಪಕ್ಕದಲ್ಲಿದ್ದರೆ ಆ ಭಾಗಕ್ಕೆ ದ್ರಾವಣ ಬೇಡ. ಸೆಂಟ್ರಿಂಗ್ ಹಲಗೆ ಚೂರು, ಗೂಟ, ಸಿಮೆಂಟ್ ಚೀಲದ ಕಾಗದ ನೆಲದಡಿ ಉಳಿಯದಂತೆ ಆಯಿಸಿ.

ಪ್ರಶ್ನೆ: ಮೊದಲ ಮಳೆಯ ಸಂಜೆ ದೀಪಕ್ಕೆ ಮುತ್ತುವ ಈಸಲು ಹುಳುಗಳಿಂದ ಮನೆಗೆ ಗೆದ್ದಲು ಹತ್ತುತ್ತದೆಯೇ?
— ಚನ್ನಗಿರಿ

ಉತ್ತರ: ಹೊರಗಿನಿಂದ ಬಂದಿದ್ದರೆ ದೀಪ ಆರಿಸಿ, ಬೆಳಿಗ್ಗೆ ರೆಕ್ಕೆ ಗುಡಿಸಿ, ಅಷ್ಟೆ. ಅವಕ್ಕೆ ಗೂಡು ಹೂಡಲು ಹಸಿ ಮಣ್ಣು ಬೇಕು, ನಿಮ್ಮ ಗಾರೆ ನೆಲವಲ್ಲ. ಚೌಕಟ್ಟಿನ ಬಿರುಕಿನಿಂದಲೋ ಗೋಡೆ ಮೂಲೆಯಿಂದಲೋ ಹೊರಡುತ್ತಿದ್ದರೆ ಗೂಡಿನ ದಾರಿ ಆಗಲೇ ಒಳಗಿದೆ. ಆ ಬಿರುಕಿಗೆ ಗುರುತು ಹಾಕಿಡಿ, ಔಷಧ ಅಲ್ಲಿಂದಲೇ ಶುರುವಾಗಬೇಕು. ರೆಕ್ಕೆ ಇರುವೆಯೋ ಗೆದ್ದಲೋ ಎಂದು ಅನುಮಾನವಿದ್ದರೆ ಸೊಂಟ ನೋಡಿ: ಇರುವೆಗೆ ಸಣ್ಣ ಸೊಂಟ, ಮುಂದಿನ ರೆಕ್ಕೆ ದೊಡ್ಡದು, ಗೆದ್ದಲಿಗೆ ಸೊಂಟವೇ ಇಲ್ಲ, ನಾಲ್ಕೂ ರೆಕ್ಕೆ ಒಂದೇ ಅಳತೆ.

ಪ್ರಶ್ನೆ: ಹೊಸ ಸೋಫಾದಿಂದ ಮೈದಾ ಹಿಟ್ಟಿನಂಥ ಪುಡಿ ಬೀಳುತ್ತದೆ. ಸಣ್ಣ ದುಂಡು ತೂತುಗಳಿವೆ. ಯಾವ ಗೆದ್ದಲು?
— ಚಿತ್ರದುರ್ಗ

ಉತ್ತರ: ಗೆದ್ದಲೇ ಅಲ್ಲ, ಕುಟ್ಟೆ ಹುಳು. ಅದೊಂದು ಜೀರುಂಡೆ. ಮಾವು, ರಬ್ಬರ್ ಮರಗಳ ಬಿಳಿ ಭಾಗದಲ್ಲಿರುವ ಪಿಷ್ಟಕ್ಕೆ ಬರುತ್ತದೆ. ಗೆದ್ದಲಿನ ಕಾಳು ಬೆರಳಲ್ಲಿ ಮರಳಿನಂತೆ ತಾಗುತ್ತದೆ, ಇದು ಹಿಟ್ಟಿನಂತೆ ಜಾರುತ್ತದೆ. ಮರದ ಮೂಲ ಅಂಗಡಿಯದೇ ಆದ್ದರಿಂದ, ತೂತಿನ ಫೋಟೊ ತೆಗೆದಿಟ್ಟುಕೊಂಡು, ಬಿಲ್ಲು ಹಿಡಿದು ವಾಪಸ್ ಕೊಡಿ.